ಮನೆಬಳಕೆಯ ಕೋಳಿ ಸಾಕಣೆ: ಮರಿಗಳನ್ನು ಎಲ್ಲಿಂದ ಕೊಳ್ಳಬೇಕು?

ಹಿತ್ತಿಲಿನಲ್ಲಿ ಐದಾರು ಕೋಳಿಗಳನ್ನು ಸಾಕಿ ಮನೆಮಂದಿಗೆ ಬೇಕಾದ ಮೊಟ್ಟೆಯನ್ನು ಮನೆಯಲ್ಲಿಯೇ ಪಡೆಯುವ ರೂಢಿ ಕನ್ನಡನಾಡಿನಲ್ಲಿ ಬಹಳ ಹಿಂದಿನದು. ಉದ್ಯೋಗದ ನಿಮಿತ್ತ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಮುಂತಾದ ನಗರಗಳಲ್ಲಿ ನೆಲೆಸಿರುವ ಕುಟುಂಬಗಳಲ್ಲಿಯೂ, ನಗರದ ಅಂಚಿನಲ್ಲಿ ತುಸು ಜಾಗವುಳ್ಳವರು ಈ ರೂಢಿಯನ್ನು ಮುಂದುವರಿಸಲು ಬಯಸುವುದುಂಟು. ಅಂಥವರು ಗೂಡು ಹೇಗಿರಬೇಕು, ಆಹಾರ ಯಾವುದು ಎಂಬುದನ್ನು ಮುಂಚಿತವಾಗಿಯೇ ವಿಚಾರಿಸಿಕೊಳ್ಳುತ್ತಾರೆ. ಕೋಳಿಯನ್ನು ಎಲ್ಲಿಂದ ತರಬೇಕೆಂಬ ವಿಷಯವನ್ನು ಮಾತ್ರ ಕೊನೆಯ ದಿನಕ್ಕೆ ಬಿಟ್ಟು, ಬುಟ್ಟಿ ಹೊತ್ತು ಬೀದಿಗೆ ಬಂದವನಿಂದ ಕೊಂಡುಬಿಡುತ್ತಾರೆ. ಮೊದಲ ತಿಂಗಳಿನಲ್ಲಿಯೇ ಕೋಳಿಗಳು ಒಂದರ ಹಿಂದೊಂದು ಸತ್ತಾಗ ದೋಷವನ್ನು ಹವಾಮಾನದ ಮೇಲೆಯೋ ಆಹಾರದ ಮೇಲೆಯೋ ಹೊರಿಸಲಾಗುತ್ತದೆ. ಆದರೆ ಅನೇಕ ವೇಳೆ ರೋಗವು ಕೋಳಿಯೊಂದಿಗೇ ಮನೆಗೆ ಬಂದಿರುತ್ತದೆ.

ಇದಕ್ಕೆ ಕಾರಣವನ್ನು ತಿಳಿಯುವುದು ಅವಶ್ಯಕ. ಕೋಳಿಯ ಕೆಲವು ರೋಗಗಳು ತಾಯಿಯಿಂದ ಮೊಟ್ಟೆಯ ಮೂಲಕ ಮರಿಗೆ ಇಳಿಯುತ್ತವೆ. ಸಾಲ್ಮೊನೆಲ್ಲಾ ಜಾತಿಯ ಒಂದು ಬ್ಯಾಕ್ಟೀರಿಯಾದಿಂದ ಉಂಟಾಗುವ ಬಿಳಿ ಭೇದಿ ರೋಗವು ಇವುಗಳಲ್ಲಿ ಮುಖ್ಯವಾದುದು. ರೋಗ ತಗುಲಿಯೂ ಬದುಕಿ ಉಳಿದ ಹೇಂಟೆಯು ನೋಡುವವರ ಕಣ್ಣಿಗೆ ಆರೋಗ್ಯವಾಗಿಯೇ ಕಾಣುತ್ತದೆ, ಮೊಟ್ಟೆಯನ್ನೂ ಇಡುತ್ತದೆ. ಆದರೆ ಆ ಮೊಟ್ಟೆಗಳಿಂದ ಹುಟ್ಟಿದ ಮರಿಗಳು ಮೊದಲ ಎರಡು ಮೂರು ವಾರಗಳಲ್ಲಿ ಗುಂಪುಗುಂಪಾಗಿ ಸಾಯುತ್ತವೆ. ದೀರ್ಘಕಾಲದ ಉಸಿರಾಟದ ರೋಗವನ್ನು ತರುವ ಮೈಕೋಪ್ಲಾಸ್ಮಾ ಕೂಡ ಇದೇ ದಾರಿಯಲ್ಲಿ ಬರುತ್ತದೆ. ಔಷಧದಿಂದ ಸಾವು ಕಡಿಮೆಯಾದರೂ ರೋಗಾಣು ಹಿಂಡಿನಿಂದ ಪೂರ್ಣವಾಗಿ ತೊಲಗುವುದು ಕಷ್ಟ. ತಾಯಿ ಕೋಳಿಗಳ ರಕ್ತವನ್ನು ಪರೀಕ್ಷಿಸಿ ರೋಗವಾಹಕಗಳನ್ನು ತೆಗೆದುಹಾಕುವುದೇ ಇದಕ್ಕೆ ಸರಿಯಾದ ಉಪಾಯ. ಇದನ್ನು ಕೊಳ್ಳುವವರು ಮಾಡಲಾರರು, ಮರಿ ಉತ್ಪಾದಿಸುವವರು ಮಾತ್ರ ಮಾಡಬಲ್ಲರು. ಆದ್ದರಿಂದ ಮರಿಯ ಅಂದಚೆಂದಕ್ಕಿಂತಲೂ, ಬೆಲೆಗಿಂತಲೂ, ಅದರ ತಾಯಿ ಎಲ್ಲಿಯದು ಎಂಬ ಪ್ರಶ್ನೆಗೆ ಉತ್ತರ ಕೊಡಬಲ್ಲವರಿಂದಲೇ ಕೊಳ್ಳುವುದು ಉಚಿತ.

ಬೀದಿ ಮತ್ತು ಸಂತೆಯ ಕೋಳಿಗಳು

ನಗರಗಳ ಬೀದಿಗಳಲ್ಲಿ ಗುಲಾಬಿ, ಹಸಿರು, ನೀಲಿ ಬಣ್ಣ ಹಚ್ಚಿದ ಮರಿಗಳನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮಾರುವುದನ್ನು ಎಲ್ಲರೂ ಕಂಡಿರುತ್ತಾರೆ. ಇವು ಸಾಮಾನ್ಯವಾಗಿ ಮೊಟ್ಟೆ ಕೋಳಿಗಳ ದೊಡ್ಡ ಉತ್ಪಾದನಾ ಕೇಂದ್ರಗಳಲ್ಲಿ ಬೇಡವೆಂದು ಬೇರ್ಪಡಿಸಿದ ಹುಂಜ ಮರಿಗಳು. ಇವು ಎಂದೂ ಮೊಟ್ಟೆಯಿಡುವುದಿಲ್ಲ. ತೂಕವೂ ಬೇಗ ಬರುವುದಿಲ್ಲ. ಕಾವಿಲ್ಲದೆ, ನೀರಿಲ್ಲದೆ ಬೀದಿಯಲ್ಲಿ ದಿನ ಕಳೆದ ಈ ಮರಿಗಳಲ್ಲಿ ಬಹಳಷ್ಟು ಉಳಿಯುವುದೂ ಇಲ್ಲ. ಮಕ್ಕಳ ಹಟಕ್ಕಾಗಿ ಇವನ್ನು ಕೊಂಡು, ನಾಲ್ಕು ದಿನಗಳ ನಂತರ ಅದೇ ಮಕ್ಕಳ ಕಣ್ಣೀರು ಒರೆಸಬೇಕಾಗಿ ಬಂದ ಮನೆಗಳು ಕಡಿಮೆಯಿಲ್ಲ.

ಇನ್ನೊಂದು ವಿಧದ ವ್ಯಾಪಾರವು ಹೆಚ್ಚು ಮೋಸಗೊಳಿಸುವಂಥದು. ವಾಣಿಜ್ಯ ಕೋಳಿ ಫಾರಂಗಳಲ್ಲಿ ಮೊಟ್ಟೆ ಕೋಳಿಗಳನ್ನು ಸಾಮಾನ್ಯವಾಗಿ 72 ರಿಂದ 80 ವಾರಗಳ ವಯಸ್ಸಿನವರೆಗೆ ಇಟ್ಟುಕೊಂಡು, ಬಳಿಕ ಮಾಂಸಕ್ಕಾಗಿ ವಿಲೇವಾರಿ ಮಾಡುತ್ತಾರೆ. ಅಂತಹ ಕೋಳಿಗಳು ಕೆಲವೊಮ್ಮೆ ‘ಈಗಷ್ಟೇ ಮೊಟ್ಟೆಗೆ ಬರಲಿರುವ ಕೋಳಿ’ ಎಂಬ ಹೆಸರಿನಲ್ಲಿ ಮನೆಗಳಿಗೆ ಮಾರಾಟವಾಗುತ್ತವೆ. ಇದನ್ನು ಗುರುತಿಸುವುದು ಕಷ್ಟವಲ್ಲ. ಹಳದಿ ಚರ್ಮದ ತಳಿಗಳಲ್ಲಿ ಮೊಟ್ಟೆಯಿಡಲು ತೊಡಗಿದ ಕೋಳಿಯ ಮೈಯ ಹಳದಿ ಬಣ್ಣವು ಕ್ರಮವಾಗಿ ಇಳಿಯುತ್ತ ಹೋಗುತ್ತದೆ: ಮೊದಲು ಮಲದ್ವಾರದ ಸುತ್ತ, ನಂತರ ಕಣ್ಣಿನ ಸುತ್ತ, ಆಮೇಲೆ ಕೊಕ್ಕಿನಲ್ಲಿ, ಕೊನೆಗೆ ಕಾಲುಗಳಲ್ಲಿ. ಕಾಲು ಬಿಳಿಚಿಕೊಂಡಿದ್ದರೆ ಆ ಕೋಳಿ ಅನೇಕ ತಿಂಗಳು ಮೊಟ್ಟೆಯಿಟ್ಟಿದೆ ಎಂದೇ ಅರ್ಥ. ಎಳೆಯ ಹೇಂಟೆಯ ಕಾಲು ಹೊಳಪಾಗಿ, ಕಾಲಿನ ಹುರುಪೆಗಳು ನುಣುಪಾಗಿ ಇರುತ್ತವೆ. ಮಲದ್ವಾರದ ಕೆಳಗೆ ಎರಡು ಬದಿಗೆ ಕೈಗೆ ತಗುಲುವ ಸಣ್ಣ ಎಲುಬುಗಳ ನಡುವೆ ಒಂದೇ ಬೆರಳಿನಷ್ಟು ಅಂತರವಿದ್ದರೆ ಕೋಳಿ ಆಗ ಮೊಟ್ಟೆಯಿಡುತ್ತಿಲ್ಲ. ಎರಡು ಮೂರು ಬೆರಳು ಹಿಡಿಸುವಂತಿದ್ದರೆ ಇಡುತ್ತಿದೆ. ‘ಇನ್ನೂ ಮೊದಲ ಮೊಟ್ಟೆಯಿಟ್ಟಿಲ್ಲ’ ಎಂದು ಮಾರುವವನು ಹೇಳುತ್ತಿರುವಾಗ ಕಾಲು ಬಿಳಿಚಿದ್ದು ಅಂತರ ಅಗಲವಾಗಿದ್ದರೆ, ಆ ಮಾತನ್ನು ನಂಬಬೇಕಾದ ಅಗತ್ಯವಿಲ್ಲ. ಕಪ್ಪು ಕಾಲಿನ ಕೋಳಿಗಳಿಗೆ ಬಣ್ಣದ ಈ ಪರೀಕ್ಷೆ ಅನ್ವಯಿಸುವುದಿಲ್ಲ.

ವಾರದ ಸಂತೆಯ ವಿಷಯದಲ್ಲಿ ಇನ್ನಷ್ಟು ಎಚ್ಚರಿಕೆ ಬೇಕು. ಊರಿನಲ್ಲಿ ಕೊಕ್ಕರೆ ರೋಗ, ಎಂದರೆ ರಾಣಿಖೇತ್ ರೋಗ, ಕಾಣಿಸಿಕೊಂಡಾಗ ಇನ್ನೂ ಸಾಯದೆ ಉಳಿದ ಕೋಳಿಗಳನ್ನು ಅವಸರದಲ್ಲಿ ಸಂತೆಗೆ ಸಾಗಿಸುವವರಿದ್ದಾರೆ. ಬಡ ಸಾಕಣೆದಾರನ ಕಷ್ಟ ಅರ್ಥವಾಗತಕ್ಕದ್ದೇ. ಆದರೂ ರೋಗವು ಆ ಬುಟ್ಟಿಯೊಡನೆ ಹತ್ತು ಊರುಗಳಿಗೆ ಹರಡುತ್ತದೆ. ಮಾಂಸಕ್ಕಾಗಿ ಜೀವಂತ ಕೋಳಿಗಳನ್ನು ಮಾರುವ ಅಂಗಡಿಗಳಲ್ಲಿ ಬೇರೆ ಬೇರೆ ಫಾರಂಗಳ ಪಕ್ಷಿಗಳು ಒಂದೇ ಪಂಜರದಲ್ಲಿ ಸೇರಿರುವುದರಿಂದ, ಅಲ್ಲಿಂದ ಸಾಕುವ ಉದ್ದೇಶಕ್ಕೆ ಕೋಳಿಯನ್ನು ತರಲೇಬಾರದು. 2006 ರ ಫೆಬ್ರವರಿಯಲ್ಲಿ ಭಾರತದಲ್ಲಿ ಮೊದಲ ಬಾರಿಗೆ ಹಕ್ಕಿ ಜ್ವರವು ಮಹಾರಾಷ್ಟ್ರದ ನಂದುರ್‌ಬಾರ್ ಜಿಲ್ಲೆಯ ನವಾಪುರದಲ್ಲಿ ದೃಢಪಟ್ಟಾಗ, ದೊಡ್ಡ ಫಾರಂಗಳ ಕೋಳಿಗಳೊಂದಿಗೆ ಸುತ್ತಲಿನ ಮನೆಗಳ ಹಿತ್ತಿಲ ಕೋಳಿಗಳನ್ನೂ ಕೊಲ್ಲಬೇಕಾಯಿತು. ಒಬ್ಬರ ಆಯ್ಕೆಯ ಪರಿಣಾಮ ನೆರೆಮನೆಯ ಗೂಡಿನವರೆಗೂ ಹೋಗುತ್ತದೆ.

ಸರ್ಕಾರಿ ಮತ್ತು ವಿಶ್ವವಿದ್ಯಾಲಯದ ಕೇಂದ್ರಗಳು

ಸಣ್ಣ ಸಾಕಣೆದಾರರಿಗೆ ಸರ್ಕಾರಿ ಹಾಗೂ ವಿಶ್ವವಿದ್ಯಾಲಯಗಳ ಮರಿ ಉತ್ಪಾದನಾ ಕೇಂದ್ರಗಳು ಹೆಚ್ಚು ಅನುಕೂಲವಾಗಿವೆ. ಇಲ್ಲಿಯ ತಳಿಗಳನ್ನು ಪಂಜರಕ್ಕಾಗಿ ಅಲ್ಲದೆ ಹಿತ್ತಿಲಿಗಾಗಿಯೇ ಅಭಿವೃದ್ಧಿಪಡಿಸಲಾಗಿದೆ. ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಸಂಸ್ಥೆಗಳು ಬೆಂಗಳೂರಿನ ಹೆಸರಘಟ್ಟ, ಮುಂಬಯಿಯ ಆರೆ ಕಾಲೊನಿ, ಭುವನೇಶ್ವರ ಮತ್ತು ಚಂಡೀಗಢಗಳಲ್ಲಿವೆ. ಹೈದರಾಬಾದಿನವರಿಗೆ ರಾಜೇಂದ್ರನಗರದ ಕೋಳಿ ಸಂಶೋಧನಾ ನಿರ್ದೇಶನಾಲಯ ಹತ್ತಿರದಲ್ಲಿದೆ. ವನರಾಜ ಮತ್ತು ಗ್ರಾಮಪ್ರಿಯ ತಳಿಗಳು ಅಲ್ಲಿಯವು. ಚೆನ್ನೈಯವರು ತಮಿಳುನಾಡು ಪಶುವೈದ್ಯ ವಿಶ್ವವಿದ್ಯಾಲಯದಲ್ಲಿ ವಿಚಾರಿಸಬಹುದು. ನಂದನಂ ಕೋಳಿ ಅಲ್ಲಿ ರೂಪುಗೊಂಡ ತಳಿ. ಪುಣೆಯವರಿಗೆ ಖಡ್ಕಿಯಲ್ಲಿ ರಾಜ್ಯ ಪಶುಸಂಗೋಪನಾ ಇಲಾಖೆಯ ಕೇಂದ್ರವಿದೆ. ದೆಹಲಿಯವರಿಗೆ ಚಂಡೀಗಢವಲ್ಲದೆ ಬರೇಲಿ ಬಳಿಯ ಇಜ್ಜತ್‌ನಗರದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆಯೂ ಇದೆ. ಕನ್ನಡಿಗರಿಗೆ ಚಿರಪರಿಚಿತವಾದ ಗಿರಿರಾಜ ಕೋಳಿ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡಿತು. ಸ್ವರ್ಣಧಾರ ಅದರ ನಂತರದ ತಳಿ.

ಇಂತಹ ಕೇಂದ್ರಗಳಿಗೆ ಹೋದ ದಿನವೇ ಮರಿ ದೊರೆಯುವುದೆಂದು ನಿರೀಕ್ಷಿಸಬಾರದು. ಮೊಟ್ಟೆ ಮರಿಯಾಗಲು 21 ದಿನಗಳು ಬೇಕು. ಅಲ್ಲದೆ ಮರಿಗಳನ್ನು ಮುಂಗಡ ಬೇಡಿಕೆಯಂತೆ ಪೆಟ್ಟಿಗೆಗಳ ಲೆಕ್ಕದಲ್ಲಿ ಕೊಡುವುದೇ ವಾಡಿಕೆ. ಹತ್ತೇ ಮರಿ ಬೇಕಾದವರು ನಾಲ್ಕಾರು ಮನೆಯವರು ಸೇರಿ ಬೇಡಿಕೆ ಸಲ್ಲಿಸುವುದು ಲೇಸು. ಈ ಕಾಯುವಿಕೆಯೇ ಬೇಸರ ತರಿಸಿ ಜನರನ್ನು ಬೀದಿಯ ಬುಟ್ಟಿಯ ಕಡೆಗೆ ತಿರುಗಿಸುತ್ತದೆ. ನಗರದಲ್ಲಿ ಕೋಳಿ ಸಾಕಲು ಸ್ಥಳೀಯ ಸಂಸ್ಥೆಯ ಮತ್ತು ವಸತಿ ಸಂಘದ ನಿಯಮಗಳು ಅವಕಾಶ ಕೊಡುತ್ತವೆಯೇ ಎಂಬುದನ್ನು ಈ ಅವಧಿಯಲ್ಲಿ ತಿಳಿದುಕೊಳ್ಳಬಹುದು.

ಖಾಸಗಿ ಕೇಂದ್ರಗಳಿಂದ ಕೊಳ್ಳಬಾರದೆಂದಲ್ಲ. ಆದರೆ ತಳಿಯ ಹೆಸರನ್ನು ಮಾತ್ರ ಕೇಳಿ ಸುಮ್ಮನಾಗಬಾರದು. ಮಹಾರಾಷ್ಟ್ರದಲ್ಲಿ ‘ಗಾವರಾನ್’, ಚೆನ್ನೈ ಹೈದರಾಬಾದುಗಳಲ್ಲಿ ‘ನಾಟು’, ದೆಹಲಿಯಲ್ಲಿ ‘ದೇಸಿ’, ಕರ್ನಾಟಕದಲ್ಲಿ ‘ನಾಟಿ’ ಅಥವಾ ‘ಜವಾರಿ’ ಎಂಬ ಮಾತಿಗೆ ಒಳ್ಳೆಯ ಬೆಲೆಯಿರುವುದರಿಂದ, ಬಣ್ಣಬಣ್ಣದ ಗರಿಯ ಯಾವುದೇ ಮಿಶ್ರತಳಿಯೂ ಆ ಹೆಸರಿನಲ್ಲಿ ಮಾರಾಟವಾಗುತ್ತದೆ. ನಿಜವಾದ ನಾಟಿ ಕೋಳಿ ವರ್ಷಕ್ಕೆ ಸುಮಾರು 60 ರಿಂದ 80 ಮೊಟ್ಟೆಗಳನ್ನು ಮಾತ್ರ ಇಟ್ಟರೂ ತಾನೇ ಕಾವಿಗೆ ಕುಳಿತು ಮರಿ ಮಾಡುತ್ತದೆ. ಸುಧಾರಿತ ತಳಿಗಳು ಅದಕ್ಕಿಂತ ಹೆಚ್ಚು ಮೊಟ್ಟೆಯಿಡುತ್ತವೆ, ಆದರೆ ಕಾವಿಗೆ ಕೂರುವ ಗುಣ ಅವುಗಳಲ್ಲಿ ಕಡಿಮೆ. ಇವು ಮಿಶ್ರತಳಿಗಳಾದುದರಿಂದ ಮನೆಯಲ್ಲಿಯೇ ಅವುಗಳ ಮೊಟ್ಟೆಯಿಂದ ಮರಿ ಮಾಡಿಸಿದರೆ ತಾಯಿಯ ಗುಣಗಳು ಹಾಗೆಯೇ ಮುಂದುವರಿಯುವುದಿಲ್ಲ. ಮತ್ತೆ ಕೇಂದ್ರದಿಂದಲೇ ಮರಿ ತರಬೇಕು. ಮೊಟ್ಟೆ ಮುಖ್ಯವೋ, ಹಿಂಡು ತಾನಾಗಿ ಬೆಳೆಯುವುದು ಮುಖ್ಯವೋ ಎಂಬುದನ್ನು ಮನೆಯವರು ಮೊದಲೇ ನಿರ್ಧರಿಸಿಕೊಳ್ಳಬೇಕು.

ಎಷ್ಟು ವಯಸ್ಸಿನವು?

ಒಂದು ದಿನದ ಮರಿ ಅಗ್ಗ. ಮೊಟ್ಟೆಯೊಡೆಯುವ ಮುನ್ನ ಉಳಿದ ಹಳದಿ ಲೋಳೆಯು ಮರಿಯ ಹೊಟ್ಟೆಯೊಳಗೆ ಸೇರಿಕೊಳ್ಳುವುದರಿಂದ ಸುಮಾರು 48 ಗಂಟೆಗಳ ಪ್ರಯಾಣವನ್ನು ಅದು ಆಹಾರವಿಲ್ಲದೆ ತಾಳಬಲ್ಲದು. ಆದರೆ ಮನೆಗೆ ಬಂದ ಮೇಲೆ ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ನಂತರ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸಬೇಕು. ವಿದ್ಯುತ್ ಕೈಕೊಟ್ಟ ಒಂದು ರಾತ್ರಿ ಇಡೀ ಗುಂಪು ಹೋಗಬಹುದು. ದೆಹಲಿಯ ಚಳಿಗಾಲದಲ್ಲಿ, ಮುಂಬಯಿಯ ಮಳೆಗಾಲದಲ್ಲಿ ಈ ಅಪಾಯ ಇನ್ನೂ ಹೆಚ್ಚು. ಮೊದಲ ಬಾರಿಗೆ ಸಾಕುವವರು ನಾಲ್ಕರಿಂದ ಆರು ವಾರ ಬೆಳೆದ, ಲಸಿಕೆ ಪಡೆದ ಮರಿಗಳನ್ನು ತುಸು ಹೆಚ್ಚು ಹಣ ತೆತ್ತಾದರೂ ಕೊಳ್ಳುವುದು ಒಳ್ಳೆಯದು. ಗ್ರಾಮೀಣ ಯೋಜನೆಗಳಲ್ಲಿಯೂ ಮರಿಗಳನ್ನು ಕೆಲವು ವಾರ ಪೋಷಣಾ ಘಟಕದಲ್ಲಿ ಬೆಳೆಸಿಯೇ ಫಲಾನುಭವಿಗಳಿಗೆ ಕೊಡುವ ಪದ್ಧತಿ ಈ ಕಾರಣಕ್ಕಾಗಿ ಬಂದಿದೆ.

ಹಿತ್ತಿಲ ತಳಿಗಳ ಮರಿಗಳನ್ನು ಸಾಮಾನ್ಯವಾಗಿ ಗಂಡು ಹೆಣ್ಣು ಬೇರ್ಪಡಿಸದೆ ಕೊಡುತ್ತಾರೆ. ಅರ್ಧದಷ್ಟು ಹುಂಜಗಳೇ ಆಗುತ್ತವೆ. ಐದು ಹೇಂಟೆ ಬೇಕಾದರೆ ಹನ್ನೆರಡು ಮರಿಯಾದರೂ ಕೊಳ್ಳಬೇಕು. ಮೊಟ್ಟೆಯಿಡಲು ಹುಂಜ ಬೇಕೇಬೇಕೆಂಬುದು ತಪ್ಪು ಕಲ್ಪನೆ. ಮರಿ ಮಾಡಿಸುವುದಿದ್ದರೆ ಮಾತ್ರ ಅದರ ಅಗತ್ಯ. ಒತ್ತೊತ್ತಾಗಿ ಮನೆಗಳಿರುವಲ್ಲಿ ಹುಂಜದ ಕೂಗಿನಿಂದ ನೆರೆಹೊರೆಯ ಜಗಳ ಬರುವುದೇ ಹೆಚ್ಚು.

ಕೊಳ್ಳುವಾಗ ಕೇಳಬೇಕಾದ ಮುಖ್ಯ ಪ್ರಶ್ನೆ ಲಸಿಕೆಯದು. ಮ್ಯಾರೆಕ್ಸ್ ರೋಗದ ಲಸಿಕೆಯನ್ನು ಮರಿ ಹುಟ್ಟಿದ ದಿನವೇ ಉತ್ಪಾದನಾ ಕೇಂದ್ರದಲ್ಲಿ ಹಾಕಬೇಕು. ಮನೆಗೆ ತಂದ ಮೇಲೆ ಹಾಕಿಸಿದರೆ ತಡವಾಗಿರುತ್ತದೆ. ಕೊಕ್ಕರೆ ರೋಗಕ್ಕೆ 5 ರಿಂದ 7 ನೆಯ ದಿನದಲ್ಲಿ ಕಣ್ಣು ಅಥವಾ ಮೂಗಿನಲ್ಲಿ ಹನಿ, ಗುಂಬೊರೊ ರೋಗಕ್ಕೆ ಸುಮಾರು 14 ನೆಯ ದಿನ, ಕೊಕ್ಕರೆ ರೋಗಕ್ಕೆ ನಾಲ್ಕನೆಯ ವಾರದಲ್ಲಿ ಮತ್ತೊಮ್ಮೆ, ಎಂಟನೆಯ ವಾರದ ನಂತರ ಚುಚ್ಚುಮದ್ದು ಎಂಬುದು ಸಾಮಾನ್ಯ ಕ್ರಮ. ಯಾವ ಲಸಿಕೆ, ಯಾವ ದಿನ ಎಂಬುದನ್ನು ಮಾರುವವರಿಂದ ಬರೆಸಿಕೊಳ್ಳಬೇಕು. ಬರೆದುಕೊಡಲು ಹಿಂಜರಿಯುವವರಿಂದ ಕೊಳ್ಳದಿರುವುದೇ ಮೇಲು. ತಾಯಿ ಕೋಳಿಗಳಿಗೆ ಬಿಳಿ ಭೇದಿಯ ಪರೀಕ್ಷೆ ಆಗಿದೆಯೇ ಎಂಬುದನ್ನೂ ವಿಚಾರಿಸಬೇಕು. ಮರಿಯ ಕಣ್ಣು ಹೊಳೆಯುತ್ತಿರಬೇಕು, ಹೊಕ್ಕಳು ಒಣಗಿ ಮುಚ್ಚಿರಬೇಕು, ಮಲದ್ವಾರಕ್ಕೆ ಹಿಕ್ಕೆ ಅಂಟಿರಬಾರದು. ಬೆನ್ನ ಮೇಲೆ ಮಲಗಿಸಿದರೆ ತಕ್ಷಣ ಎದ್ದು ನಿಲ್ಲಬೇಕು.

ಎಷ್ಟೇ ವಿಶ್ವಾಸದ ಕೇಂದ್ರದಿಂದ ತಂದರೂ, ಮನೆಯಲ್ಲಿ ಮೊದಲೇ ಕೋಳಿಗಳಿದ್ದರೆ ಹೊಸವನ್ನು ಅವುಗಳೊಡನೆ ಕೂಡಲೇ ಬಿಡಕೂಡದು. ಕನಿಷ್ಠ ಮೂರು ವಾರ, ಸಾಧ್ಯವಾದರೆ ಒಂದು ತಿಂಗಳು, ಬೇರೆ ಗೂಡಿನಲ್ಲಿ ಬೇರೆ ನೀರಿನ ಪಾತ್ರೆಯೊಡನೆ ಇರಿಸಬೇಕು. ಪ್ರತಿದಿನ ಮೊದಲು ಹಳೆಯ ಕೋಳಿಗಳಿಗೆ ಆಹಾರ ಹಾಕಿ, ಆಮೇಲೆ ಹೊಸವುಗಳ ಬಳಿಗೆ ಹೋಗಿ, ಕೈ ತೊಳೆದು ಚಪ್ಪಲಿ ಬದಲಿಸಬೇಕು. ಈ ಅವಧಿಯಲ್ಲಿ ಒಂದೆರಡು ಕೋಳಿ ಸತ್ತರೆ ಕಳೇಬರವನ್ನು ಕಸದ ತೊಟ್ಟಿಗೆ ಎಸೆಯದೆ, ಉಳಿದವನ್ನು ಯಾರಿಗೂ ಮಾರದೆ, ಹತ್ತಿರದ ಸರ್ಕಾರಿ ಪಶುವೈದ್ಯಾಲಯಕ್ಕೆ ಅದೇ ದಿನ ತಿಳಿಸಬೇಕು. ಮರಿ ತಂದ ಕೇಂದ್ರಕ್ಕೂ ಸುದ್ದಿ ಮುಟ್ಟಿಸಬೇಕು. ಅದೇ ತಂಡದ ಮರಿಗಳು ಬೇರೆ ಮನೆಗಳಿಗೂ ಹೋಗಿರುತ್ತವೆ.