ಎಂಟನೆಯವರಿಗೂ ಒಂದು ಅಂಕ: ಜಮೈಕಾದ ‘ಚಾಂಪ್ಸ್’

ನಮ್ಮ ಶಾಲಾ ಕ್ರೀಡಾಕೂಟಗಳನ್ನು ಕಂಡವರಿಗೆ ‘ಸಮಗ್ರ ಪ್ರಶಸ್ತಿ’ ಎಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಹೋಬಳಿ ಮಟ್ಟವಿರಲಿ, ಜಿಲ್ಲಾ ಮಟ್ಟವಿರಲಿ, ಪದಕಗಳನ್ನೆಲ್ಲ ಹಂಚಿ ಮುಗಿದ ಮೇಲೆ ಅತಿ ಹೆಚ್ಚು ಅಂಕ ಗಳಿಸಿದ ಶಾಲೆಯ ಹೆಸರನ್ನು ಮೈಕಿನಲ್ಲಿ ಕೂಗುತ್ತಾರೆ. ಅಷ್ಟು ಹೊತ್ತಿಗೆ ಅರ್ಧ ಜನ ಬಸ್ಸು ಹತ್ತಿರುತ್ತಾರೆ. ಕೆರಿಬಿಯನ್ ದ್ವೀಪ ಜಮೈಕಾದಲ್ಲಿ ಇದು ತಲೆಕೆಳಗು. ಅಲ್ಲಿ ಸಾವಿರಾರು ಜನ ಟಿಕೆಟ್ ಕೊಂಡು ಕ್ರೀಡಾಂಗಣಕ್ಕೆ ಬರುವುದೇ ಸಮಗ್ರ ಪ್ರಶಸ್ತಿ ಯಾರ ಪಾಲಾಗುತ್ತದೆಂದು ನೋಡುವುದಕ್ಕೆ.

ದ್ವೀಪದ ವಿಸ್ತೀರ್ಣ ಸುಮಾರು 11,000 ಚದರ ಕಿಲೋಮೀಟರ್, ಹೆಚ್ಚುಕಡಿಮೆ ನಮ್ಮ ಕಲಬುರಗಿ ಜಿಲ್ಲೆಯಷ್ಟು. ಜನಸಂಖ್ಯೆ ಮೂವತ್ತು ಲಕ್ಷವನ್ನೂ ಮುಟ್ಟಿಲ್ಲ. ಇಷ್ಟು ಚಿಕ್ಕ ನಾಡಿನಿಂದ ಉಸೇನ್ ಬೋಲ್ಟ್, ಶೆಲ್ಲಿ-ಆ್ಯನ್ ಫ್ರೇಸರ್, ಎಲೇನ್ ಥಾಂಪ್ಸನ್ ಹೇಗೆ ಬಂದರು ಎಂದು ಕೇಳಿದರೆ ಕೆಲವರು ರಕ್ತದ ಗುಣ ಎನ್ನುತ್ತಾರೆ, ಕೆಲವರು ಅಲ್ಲಿನ ಗೆಣಸಿನ ಮಹಿಮೆ ಎನ್ನುತ್ತಾರೆ. ನನಗೆ ಇವೆರಡಕ್ಕಿಂತ ನಂಬಲರ್ಹವಾಗಿ ಕಾಣುವುದು ಪ್ರೌಢಶಾಲೆಗಳ ನಡುವಿನ ವಾರ್ಷಿಕ ಅಥ್ಲೆಟಿಕ್ಸ್ ಕೂಟ. ಅಲ್ಲಿಯವರು ಅದನ್ನು ಸುಮ್ಮನೆ ‘ಚಾಂಪ್ಸ್’ ಎನ್ನುತ್ತಾರೆ.

ಮೊದಲ ಕೂಟ ನಡೆದದ್ದು 1910ರಲ್ಲಿ, ಕಿಂಗ್‌ಸ್ಟನ್ನಿನ ಸಬೀನಾ ಪಾರ್ಕ್‌ನಲ್ಲಿ. ಕ್ರಿಕೆಟ್ ಪ್ರಿಯರಿಗೆ ಈ ಮೈದಾನದ ಹೆಸರು ಹೊಸದಲ್ಲ. 1976ರ ಟೆಸ್ಟ್‌ನಲ್ಲಿ ವೆಸ್ಟ್ ಇಂಡೀಸ್ ವೇಗಿಗಳ ಎಸೆತಕ್ಕೆ ನಮ್ಮ ಗುಂಡಪ್ಪ ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲ್ ಇಬ್ಬರೂ ಗಾಯಗೊಂಡದ್ದು ಅಲ್ಲೇ. ಮೂವತ್ತು ವರ್ಷಗಳ ನಂತರ ದ್ರಾವಿಡ್ ಮತ್ತು ಕುಂಬ್ಳೆ ಸೇರಿ ಪಂದ್ಯವನ್ನೂ ಸರಣಿಯನ್ನೂ ಗೆಲ್ಲಿಸಿದ್ದೂ ಅಲ್ಲೇ. ಇರಲಿ. 1910ರಲ್ಲಿ ಸೇರಿದ್ದು ಆರೇ ಶಾಲೆಗಳು, ಅವೂ ಗಂಡುಮಕ್ಕಳವು. ಗೆದ್ದದ್ದು ವುಲ್ಮರ್ಸ್ ಶಾಲೆ. ಆಗ ಜಮೈಕಾ ಬ್ರಿಟಿಷ್ ವಸಾಹತು. ಪ್ರೌಢಶಾಲೆಯ ಮೆಟ್ಟಿಲು ಹತ್ತುವ ಭಾಗ್ಯ ಉಳ್ಳವರ ಮಕ್ಕಳಿಗೇ ಹೊರತು, ಕಬ್ಬಿನ ತೋಟದ ಕೂಲಿಯವರ ಮಕ್ಕಳಿಗೆ ಬಹುಮಟ್ಟಿಗೆ ಇರಲಿಲ್ಲ. ಇಂಗ್ಲೆಂಡಿನ ಪಬ್ಲಿಕ್ ಶಾಲೆಗಳ ಮಾದರಿಯ ಕೂಟ ಎಂದರೆ ತಪ್ಪಾಗದು.

ಮರುವರ್ಷ ಜಮೈಕಾ ಕಾಲೇಜಿನ ಹುಡುಗನೊಬ್ಬ ನೂರು ಗಜವನ್ನು 10 ಸೆಕೆಂಡುಗಳಲ್ಲಿ ಓಡಿದ. ಹೆಸರು ನಾರ್ಮನ್ ಮ್ಯಾನ್ಲಿ. ಮುಂದೆ ಈತ ವಕೀಲನಾಗಿ, ರಾಜಕಾರಣಿಯಾಗಿ, ಸ್ವಾತಂತ್ರ್ಯದ ಹೊಸ್ತಿಲಲ್ಲಿ ಜಮೈಕಾದ ಪ್ರೀಮಿಯರ್ ಆದ. ಆ ಕೂಟ ದಾಖಲೆ 1952ರವರೆಗೆ ಉಳಿದಿತ್ತು. ಇಂದಿಗೂ ಅಲ್ಲಿನ ಹಿರಿಯರು ಮ್ಯಾನ್ಲಿಯ ರಾಜಕೀಯವನ್ನು ಒಪ್ಪದಿರಬಹುದು, ಓಟದ ಬಗ್ಗೆ ತಕರಾರು ತೆಗೆಯುವುದಿಲ್ಲ.

ಈಗ ಅಂಕಗಳ ವಿಷಯಕ್ಕೆ ಬರೋಣ. ಹೊಸಬರು ಎಡವುವುದು ಇಲ್ಲಿಯೇ. ವಯಸ್ಸಿನ ಪ್ರಕಾರ ಬಾಲಕರಿಗೆ ಮೂರು ವಿಭಾಗಗಳಿವೆ, ಬಾಲಕಿಯರಿಗೆ ನಾಲ್ಕು. ಅಲ್ಲಿ ‘ಕ್ಲಾಸ್ ಒನ್’ ಎಂದರೆ ಚಿಕ್ಕವರಲ್ಲ, ಹತ್ತೊಂಬತ್ತು ವರ್ಷದೊಳಗಿನ ದೊಡ್ಡ ಮಕ್ಕಳು. ಸಂಖ್ಯೆ ಏರಿದಂತೆ ವಯಸ್ಸು ಇಳಿಯುತ್ತದೆ. ಫೈನಲ್ ತಲುಪಿದ ಎಂಟೂ ಮಂದಿಗೆ ಅಂಕ ಉಂಟು: ಮೊದಲಿಗರಿಗೆ ಅತಿ ಹೆಚ್ಚು, ಇಳಿಯುತ್ತ ಬಂದು ಎಂಟನೆಯವರಿಗೆ ಒಂದು. ನೂರು ಮೀಟರ್ ಓಟವಾಗಲಿ, ಡಿಸ್ಕಸ್ ಎಸೆತವಾಗಲಿ, ಎತ್ತರ ಜಿಗಿತವಾಗಲಿ, ಎಲ್ಲದಕ್ಕೂ ಇದೇ ಲೆಕ್ಕ. ಬಾಲಕರ ಒಟ್ಟು ಅಂಕ ಬೇರೆ, ಬಾಲಕಿಯರದು ಬೇರೆ. ಬಾಲಕರಲ್ಲಿ ಗೆದ್ದ ಶಾಲೆಗೆ ಮಾರ್ಟಿಮರ್ ಗೆಡೆಸ್ ಟ್ರೋಫಿ.

ಈ ಲೆಕ್ಕಾಚಾರದಿಂದ ಏನಾಗುತ್ತದೆ? ಒಬ್ಬನೇ ಒಬ್ಬ ಮಹಾ ಓಟಗಾರನನ್ನು ನಂಬಿಕೊಂಡ ಶಾಲೆ ಗೆಲ್ಲುವುದಿಲ್ಲ. ಹರ್ಡಲ್ಸ್‌ನಲ್ಲಿ ಐದನೆಯವನು ಬೇಕು, ಗುಂಡು ಎಸೆತದಲ್ಲಿ ಏಳನೆಯವನು ಬೇಕು, ರಿಲೆಯಲ್ಲಿ ಬ್ಯಾಟನ್ ಬೀಳಿಸದ ನಾಲ್ವರು ಬೇಕು. ಹದಿಮೂರರ ಹುಡುಗನನ್ನು ಪದಕ ಬಾರದೆಂದು ಕೈಬಿಡುವಂತಿಲ್ಲ, ಅವನ ಎರಡು ಅಂಕಕ್ಕೂ ಬೆಲೆಯಿದೆ. ಹೀಗೆ ಉಳಿದುಕೊಂಡ ಮಕ್ಕಳಲ್ಲಿ ಯಾರೋ ಒಬ್ಬರು ನಿಧಾನವಾಗಿ ಅರಳುತ್ತಾರೆ. ಎಲೇನ್ ಥಾಂಪ್ಸನ್ ಉದಾಹರಣೆ ನೋಡಿ. ಚಾಂಪ್ಸ್‌ನಲ್ಲಿ ಆಕೆಯ ಅತ್ಯುತ್ತಮ ಸಾಧನೆ 2009ರ ನೂರು ಮೀಟರ್‌ನಲ್ಲಿ ನಾಲ್ಕನೆಯ ಸ್ಥಾನ, ಅದೂ ಕ್ಲಾಸ್ ಟೂನಲ್ಲಿ. ಮುಂದೆ 2016 ಮತ್ತು 2021ರಲ್ಲಿ ನಡೆದ ಎರಡೂ ಒಲಿಂಪಿಕ್ಸ್‌ಗಳಲ್ಲಿ ನೂರು, ಇನ್ನೂರು ಮೀಟರ್ ಚಿನ್ನ ಆಕೆಯದೇ.

ಇನ್ನು ಕಲಿಸುವವರ ಕತೆ. ಜಿ. ಸಿ. ಫಾಸ್ಟರ್ ಎಂಬ ವೇಗದ ಓಟಗಾರ 1908ರಲ್ಲಿ ಬಾಳೆಹಣ್ಣು ಸಾಗಿಸುವ ಹಡಗು ಹತ್ತಿ ಲಂಡನ್ ಒಲಿಂಪಿಕ್ಸ್‌ಗೆ ಹೋಗಿದ್ದರು. ಜಮೈಕಾಕ್ಕೆ ಒಲಿಂಪಿಕ್ ಮಾನ್ಯತೆ ಇಲ್ಲವೆಂದು ಅವರನ್ನು ಓಡಲು ಬಿಡಲಿಲ್ಲ. ಊರಿಗೆ ಮರಳಿದ ಮೇಲೆ ಕ್ಯಾಲಬಾರ್ ಶಾಲೆಯ ಹುಡುಗರನ್ನು ತಯಾರು ಮಾಡಿದರು. ಮುಂದೆ ಒಲಿಂಪಿಕ್ಸ್‌ನಲ್ಲಿ ಜಮೈಕಾದ ಹೆಸರು ಬೆಳಗಿಸಿದ ಆರ್ಥರ್ ವಿಂಟ್, ಹರ್ಬ್ ಮೆಕೆನ್ಲಿ ಇಬ್ಬರೂ ಕ್ಯಾಲಬಾರ್‌ನಲ್ಲಿ ಓದಿದವರು. 1948ರ ಲಂಡನ್ ಒಲಿಂಪಿಕ್ಸ್‌ನ 400 ಮೀಟರ್‌ನಲ್ಲಿ ವಿಂಟ್ ಮೊದಲು, ಮೆಕೆನ್ಲಿ ಎರಡನೆಯವರು. ಫಾಸ್ಟರ್ ಅವರನ್ನು ಹಿಂದೆ ಕಳಿಸಿದ ಅದೇ ನಗರ! 1980ರಲ್ಲಿ ಕ್ಯೂಬಾದ ನೆರವಿನಿಂದ ತೆರೆದ ಕ್ರೀಡಾ ಕಾಲೇಜಿಗೆ ಫಾಸ್ಟರ್ ಅವರ ಹೆಸರನ್ನೇ ಇಟ್ಟರು. ದೈಹಿಕ ಶಿಕ್ಷಕರನ್ನೂ ತರಬೇತುದಾರರನ್ನೂ ಅದು ತಯಾರು ಮಾಡುತ್ತದೆ. ದೂರದ ಹಳ್ಳಿಯ ಶಾಲೆಗೂ ಸ್ಟಾರ್ಟಿಂಗ್ ಬ್ಲಾಕ್‌ನಲ್ಲಿ ಕಾಲಿಡುವುದನ್ನು ಸರಿಯಾಗಿ ಕಲಿಸಬಲ್ಲ ಮೇಷ್ಟ್ರು ಸಿಕ್ಕರೆಂದರೆ ಈ ಕಾಲೇಜಿನ ಪಾಲು ದೊಡ್ಡದು. ಬೋಲ್ಟ್‌ನ ಸಾಧನೆ ಬರೆಯುವವರು ಈ ಮೇಷ್ಟ್ರುಗಳನ್ನು ಒಂದು ಸಾಲಿನಲ್ಲಿ ಮುಗಿಸುವುದು ನನಗೆ ಸರಿಕಾಣುವುದಿಲ್ಲ.

ಕೂಟ ಉಳ್ಳವರ ಅಂಗಳದಿಂದ ಹೊರಬಂದದ್ದು ನಿಧಾನವಾಗಿ. 1957ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ಬಂದು ಬಡಮಕ್ಕಳಿಗೂ ಪ್ರೌಢಶಾಲೆಯ ಬಾಗಿಲು ಸ್ವಲ್ಪ ತೆರೆಯಿತು. ಅದೇ ವರ್ಷ ಬಾಲಕಿಯರ ಕೂಟವೂ ಶುರುವಾಯಿತು. 1962ರಲ್ಲಿ ಸ್ವಾತಂತ್ರ್ಯ, ಜೊತೆಗೇ ಕಿಂಗ್‌ಸ್ಟನ್ನಿನಲ್ಲಿ ರಾಷ್ಟ್ರೀಯ ಕ್ರೀಡಾಂಗಣ. ಆ ವರ್ಷದಿಂದ 1975ರವರೆಗೆ ಸತತ 14 ಬಾರಿ ಬಾಲಕರ ಪ್ರಶಸ್ತಿ ಕಿಂಗ್‌ಸ್ಟನ್ ಕಾಲೇಜಿನದೇ. ಬಾಲಕಿಯರ ಕಡೆ ನನ್ನ ಮೆಚ್ಚಿನದು ವಿಯರ್ ಟೆಕ್ನಿಕಲ್. ಕಬ್ಬು ಬೆಳೆಯುವ ಕ್ಲಾರೆಂಡನ್ ಸೀಮೆಯ ಈ ಶಾಲೆ 1979ರಿಂದ 1993ರವರೆಗೆ ರಾಜಧಾನಿಯ ಶಾಲೆಗಳಿಗೆ ಪ್ರಶಸ್ತಿಯನ್ನು ಮುಟ್ಟಗೊಡಲಿಲ್ಲ. ಮರ್ಲೀನ್ ಒಟ್ಟಿ, ವೆರೋನಿಕಾ ಕ್ಯಾಂಪ್‌ಬೆಲ್ ಓದಿದ ಶಾಲೆ ಇದು. 1999ರಲ್ಲಿ ಎರಡೂ ಕೂಟಗಳು ಒಂದಾದವು.

ಬೋಲ್ಟ್ ಓದಿದ ವಿಲಿಯಂ ನಿಬ್ ಶಾಲೆ ಪ್ರಶಸ್ತಿಯ ಪೈಪೋಟಿಯಲ್ಲಿ ದೊಡ್ಡ ಹೆಸರೇನಲ್ಲ. 2003ರಲ್ಲಿ ಅವನು 200 ಮೀಟರನ್ನು 20.25 ಸೆಕೆಂಡು, 400 ಮೀಟರನ್ನು 45.35 ಸೆಕೆಂಡುಗಳಲ್ಲಿ ಓಡಿ ಎರಡೂ ಕೂಟ ದಾಖಲೆ ಬರೆದರೂ ಟ್ರೋಫಿ ಬೇರೆಯವರ ಪಾಲಾಯಿತು. ಅವನ 400 ಮೀಟರ್ ದಾಖಲೆಯನ್ನು 2014ರಲ್ಲಿ ಕ್ಯಾಲಬಾರ್‌ನ ಜೇವನ್ ಫ್ರಾನ್ಸಿಸ್ 45.00 ಸೆಕೆಂಡುಗಳಲ್ಲಿ ಮುರಿದ.

ಎಲ್ಲವೂ ಚೆಂದ ಎಂದು ತಿಳಿಯಬೇಡಿ. ಹಳೆಯ ವಿದ್ಯಾರ್ಥಿಗಳ ಹಣಬಲವಿರುವ ಶಾಲೆಗಳು ಹಳ್ಳಿಯ ಪ್ರತಿಭೆಗಳನ್ನು ಸೆಳೆದುಕೊಳ್ಳುತ್ತವೆ ಎಂಬ ದೂರು ಹಳೆಯದು. ಕೂಟ ನಡೆಸುವ ಅಂತರ ಪ್ರೌಢಶಾಲಾ ಕ್ರೀಡಾ ಸಂಘ ಇಂಥ ವಲಸೆಗೆ ಮಿತಿ ಹಾಕುವ ನಿಯಮಗಳನ್ನು ಮಾಡಿದೆ. ಶಾಲೆಗೆ ಅಂಕ ಬೇಕೆಂದು ಎಳೆಯರನ್ನು ಹೀಟ್ಸ್, ಸೆಮಿಫೈನಲ್, ಫೈನಲ್, ರಿಲೆ ಎಂದು ಒಂದೇ ಸಮನೆ ಓಡಿಸಿದರೆ ಇಪ್ಪತ್ತಕ್ಕೇ ಸ್ನಾಯು ಸೋಲುತ್ತದೆ ಎಂಬ ಆಕ್ಷೇಪಕ್ಕೂ ತೂಕವಿದೆ. ಮಕ್ಕಳನ್ನು ಹುರಿದುಂಬಿಸುವ ಅಂಕಪಟ್ಟಿಯೇ ಅವರನ್ನು ಹಿಂಡಲೂ ಬಲ್ಲದು.

ನೋಡುವ ಮನಸ್ಸಾದರೆ ಮಾರ್ಚ್ ಕೊನೆಯ ವಾರಗಳನ್ನು ಗಮನದಲ್ಲಿಡಿ. ಅದಕ್ಕೂ ಮೊದಲು ಪೂರ್ವ, ಮಧ್ಯ, ಪಶ್ಚಿಮ ಎಂದು ಪ್ರಾದೇಶಿಕ ಕೂಟಗಳು ನಡೆಯುತ್ತವೆ. ಚಾಂಪ್ಸ್ ಸಾಮಾನ್ಯವಾಗಿ ಮಂಗಳವಾರದಿಂದ ಶನಿವಾರದವರೆಗೆ ಐದು ದಿನ. ಜಮೈಕಾದ ಗಡಿಯಾರ ನಮಗಿಂತ ಹತ್ತೂವರೆ ಗಂಟೆ ಹಿಂದೆ. ಶನಿವಾರ ಸಂಜೆಯ ರಿಲೆ ಫೈನಲ್‌ಗಳಿಗೆ ನೀವು ಭಾನುವಾರ ನಸುಕಿನಲ್ಲಿ ಏಳಬೇಕು. ನೇರಳೆ ಬಣ್ಣ ಕಂಡರೆ ಕಿಂಗ್‌ಸ್ಟನ್ ಕಾಲೇಜು, ಹಸಿರು-ಕಪ್ಪು ಕಂಡರೆ ಕ್ಯಾಲಬಾರ್. ಕೊನೆಯ 4x400ಕ್ಕೆ ಮುಂಚೆ ಅಂಕಪಟ್ಟಿಯನ್ನೊಮ್ಮೆ ನೋಡಿಕೊಳ್ಳಿ; ಇಲ್ಲದಿದ್ದರೆ ಐದನೆಯವನಾಗಿ ಗುರಿ ಮುಟ್ಟಿದ ಹುಡುಗನಿಗೆ ಗ್ಯಾಲರಿ ಯಾಕೆ ಕುಣಿಯುತ್ತಿದೆ ಎಂಬುದು ತಿಳಿಯುವುದಿಲ್ಲ.