ಬದಲಿ ಜನ ಕೇಳಬೇಡಿ

ಹೋದ ತಿಂಗಳು ಕೂಟದ ಊಟಕ್ಕೆ ಕೂತಾಗ ಕೇಳಿದ ಸುದ್ದಿಗೆ ನನಗೆ ತುತ್ತು ಇಳಿಯಲಿಲ್ಲ. ತೆಕ್ಕಟ್ಟೆ ಕಡೆಯಿಂದ ಬಂದು ಇಲ್ಲಿ ಅಮೆರಿಕದಲ್ಲಿ ಸಣ್ಣ ಹೋಟೆಲ್ ಇಟ್ಟ ನಮ್ಮವರೊಬ್ಬರು ಕೌಂಟರಿನ ಹುಡುಗನನ್ನು ಕೆಲಸದಿಂದ ಬಿಡಿಸಿದ್ದರು. ಹುಡುಗ ಮೀಸಲು ಸೇನೆಯಾದ ನ್ಯಾಷನಲ್ ಗಾರ್ಡ್‌ನಲ್ಲಿದ್ದಾನೆ. ತಿಂಗಳಿಗೊಂದು ವಾರಾಂತ್ಯ ಡ್ರಿಲ್, ವರ್ಷಕ್ಕೆರಡು ವಾರ ತರಬೇತಿ. "ವ್ಯಾಪಾರ ಇಪ್ಪುದೇ ಶನಿವಾರ, ಐತ್ವಾರ. ಬದ್ಲಿ ಜನ ಕೊಟ್ಟ್ ಹೋಗ್ ಅಂದೆ, ತಪ್ಪೆಂತ ಮಾರಾಯ್ರೆ?" ಎಂದರು.

ಆ ಮಾತಿನ ಮೂಲ ನನಗೆ ಗೊತ್ತು. ನಮ್ಮೂರ ಹೋಟೆಲುಗಳಲ್ಲಿ ಹಬ್ಬಕ್ಕೋ ಕೋಲಕ್ಕೋ ಮನೆಗೆ ಹೋಗುವವನು ತಮ್ಮನನ್ನೋ ಭಾವನನ್ನೋ ತಂದು ನಿಲ್ಲಿಸಿ ಹೊರಡುತ್ತಿದ್ದ. ಚೆಂದದ ಪದ್ಧತಿಯೇ. ಆದರೆ ಅಮೆರಿಕದಲ್ಲಿ ಮೀಸಲು ಸೈನಿಕನಿಗೆ ಹಾಗೆ ಹೇಳುವಂತಿಲ್ಲ. ಸೈನಿಕ ಸೇವೆಗೆ ಹೋದವರ ಕೆಲಸ ಕಾಪಾಡುವ 1994ರ ಯುಸೆರಾ ಕಾನೂನಿನ ಪ್ರಕಾರ ಬದಲಿ ಜನ ಹುಡುಕುವುದು ಧಣಿಯ ಕೆಲಸ. ಆ ದಿನಗಳ ಸಂಬಳ ಕೊಡಬೇಕೆಂದು ಈ ಕಾನೂನು ಹೇಳುವುದಿಲ್ಲ. ಆದರೆ ಅವನ ಗಳಿಕೆ ರಜೆಯನ್ನು ಬಲವಂತವಾಗಿ ಮುರಿದುಕೊಳ್ಳುವಂತಿಲ್ಲ.

"ನಮ್ದ್ ಸಣ್ಣ ಹೋಟ್ಲ್" ಎಂಬ ಸಮಾಧಾನವೇ ದೊಡ್ಡ ಗುಂಡಿ. ಖಾಸಗಿ ಕಂಪನಿಗೆ ಕುಟುಂಬ ರಜೆಯ ಕಾನೂನು ತಗಲಬೇಕಾದರೆ 50 ಜನ ಕೆಲಸಗಾರರಿರಬೇಕು. ಯುಸೆರಾಕ್ಕೆ ಆ ಲೆಕ್ಕವಿಲ್ಲ, ಒಬ್ಬನೇ ಕೆಲಸಗಾರನಿದ್ದರೂ ಅನ್ವಯಿಸುತ್ತದೆ. ಡ್ರಿಲ್ ಮುಗಿಸಿ ಭಾನುವಾರ ರಾತ್ರಿ ಹತ್ತಕ್ಕೆ ಮನೆ ಮುಟ್ಟಿದವನನ್ನು ಸೋಮವಾರ ಬೆಳಗ್ಗೆ ಐದಕ್ಕೆ ಇಡ್ಲಿ ಬೇಯಿಸಲು ಕರೆಯುವಂತಿಲ್ಲ. ಮನೆ ತಲುಪಿದ ಮೇಲೆ ಎಂಟು ಗಂಟೆಯ ವಿಶ್ರಾಂತಿ ಅವನ ಹಕ್ಕು.

ಮಕ್ಕಳು ಗಾರ್ಡ್‌ಗೋ ರಿಸರ್ವ್‌ಗೋ ಸೇರಿದ ಮನೆಯವರೂ ಕೇಳಿ. ಹೋಗುವ ವಿಷಯವನ್ನು ಧಣಿಗೆ ಮೊದಲೇ ತಿಳಿಸಬೇಕು. ಬಾಯಿಮಾತು ಸಾಕೆಂದು ಕಾನೂನು ಹೇಳಿದರೂ ಒಂದು ಸಾಲು ಬರೆದು ಕಳಿಸಿ, ನಾಳೆ ಮಾತು ತಿರುಗಬಾರದು. 31ರಿಂದ 180 ದಿನ ಸೇವೆಯಲ್ಲಿದ್ದವರು ಅದು ಮುಗಿದ 14 ದಿನದೊಳಗೆ, ಅದಕ್ಕಿಂತ ಹೆಚ್ಚಿದ್ದವರು 90 ದಿನದೊಳಗೆ ಕೆಲಸ ಕೇಳಬೇಕು. ಊರಿಗೆ ಹೋಗಿ ಅಮ್ಮನ ಕೈಯಡುಗೆ ಉಂಡು ಬರುವ ಆಸೆ ಯಾರಿಗಿಲ್ಲ? ಮೊದಲು ಅರ್ಜಿ ಕೊಟ್ಟು ಟಿಕೆಟ್ ಮಾಡಿಸಿ. ವಾಪಸು ಬಂದವರಿಗೆ ಹಳೆಯ ಕುರ್ಚಿಯಷ್ಟೇ ಅಲ್ಲ, ಇಲ್ಲೇ ಇದ್ದಿದ್ದರೆ ಸಿಗುತ್ತಿದ್ದ ಬಡ್ತಿ, ಸಂಬಳವೂ ಸಿಗಬೇಕು.

ತಕರಾರಾದರೆ ವಕೀಲರಿಗೆ ದುಡ್ಡು ಸುರಿಯುವ ಮೊದಲು ರಕ್ಷಣಾ ಇಲಾಖೆಯ ಇಎಸ್‌ಜಿಆರ್ ಮಧ್ಯಸ್ಥರನ್ನು ಕೇಳಿ, ಅವರ ಸಹಾಯ ಉಚಿತ. ಅಲ್ಲಿ ಬಗೆಹರಿಯದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು.

ಹೋಟೆಲಿನ ಧಣಿಗಳೇ, ಆ ಹುಡುಗನನ್ನು ಈ ವಾರವೇ ಕರೆದು ಕೌಂಟರಿಗೆ ಕೂರಿಸಿ.