ಅವ್ವನ ಹಾಡಿನ ವಹಿ ಅಚ್ಚಿಗೆ ಹೋದಾಗ

ಅವ್ವನ ವರ್ಷಾಂತಿಕಕ್ಕೆ ಆಕೆಯ ಹಾಡಿನ ವಹಿಯನ್ನು ಆಕೆಯದೇ ಅಕ್ಷರದಲ್ಲಿ ಅಚ್ಚು ಹಾಕಿಸಿ ಹಂಚುವುದೆಂದು ಮನೆಮಂದಿ ಕೂಡಿ ಠರಾಯಿಸಿದೆವು. 18ನೇ ಶತಮಾನದ ಹರಿದಾಸಿ ಗಲಗಲಿ ಅವ್ವನ ಹಾಡುಗಳು ನಮ್ಮೂರಲ್ಲಿ ಉಳಿದದ್ದೇ ಹೆಂಗಸರ ಬಾಯಲ್ಲಿ, ಇಂಥ ವಹಿಗಳಲ್ಲಿ. ಟೈಪ್ ಮಾಡಿಸುವ ಮಾತೇ ಇರಲಿಲ್ಲ.

ಸ್ಕ್ಯಾನರ್ ಮೇಲೆ ಇಡೋಣ ಎಂದು ನಾನು ಮೊದಲೇ ಹೇಳಿದ್ದೆ. ಅಕ್ಕನ ಮಗ ಕೇಳಲಿಲ್ಲ. “ಮಾಮಾ, ಮೊಬೈಲ್‌ನ್ಯಾಗ ಎಷ್ಟ ಛಂದ ಕಾಣಸ್ತದ ನೋಡ್ರಿ” ಎಂದು ಟ್ಯೂಬ್‌ಲೈಟ್ ಕೆಳಗೆ ಫೋಟೊ ಹೊಡೆದು, ಅಷ್ಟನ್ನೂ ವಾಟ್ಸ್‌ಆ್ಯಪ್‌ನಲ್ಲಿ ಡಿಟಿಪಿಯವನಿಗೆ ಕಳಿಸಿಬಿಟ್ಟ.

ಜಮಖಂಡಿ ಕಡೆಯ ಪ್ರೆಸ್ಸೊಂದರಲ್ಲಿ ಅಚ್ಚಾದ ಬಂಡಲ್ಲಿನ ಸುತಳಿ ಬಿಚ್ಚಿ ಮೊದಲ ಪ್ರತಿ ತೆರೆದೆ. ಅವ್ವನ ಅಕ್ಷರ ಅಲ್ಲಿರಲಿಲ್ಲ. ನೀಲಿ ಶಾಯಿಯ ಸಣ್ಣ ಗೆರೆಗಳೆಲ್ಲ ಚುಕ್ಕಿಚುಕ್ಕಿಯಾಗಿ ಒಡೆದಿದ್ದವು. ಒತ್ತು ಯಾವುದು, ಕೊಂಬು ಯಾವುದು ತಿಳಿಯದು. ಪಲ್ಲವಿಯ ಪಕ್ಕ ಆಕೆ ಪೆನ್ಸಿಲ್ಲಿನಿಂದ ಬರೆದ ರಾಗದ ಹೆಸರು ಬೂದಿಬಣ್ಣದ ನೆರಳಿನಲ್ಲಿ ಮುಳುಗಿಹೋಗಿತ್ತು. ಅಂಚಿನಲ್ಲಿದ್ದ ಕಡೆಯ ಸಾಲುಗಳನ್ನು ಕಟಿಂಗ್ ಮಷಿನ್ ತಿಂದಿತ್ತು. ಮುಖಪುಟದಲ್ಲಿ ಅವ್ವನ ಗಿಳಿಹಸಿರು ಇಳಕಲ್ ಸೀರೆ ಪಾಚಿಬಣ್ಣಕ್ಕೆ ತಿರುಗಿತ್ತು. ಒಂದೊಂದೇ ಪುಟ ತಿರುವುತ್ತ ನಿಂತೇ ಇದ್ದೆ, ಕೈ ನಡುಗುತ್ತಿತ್ತು. ಮಾಲಕ ಮಾತ್ರ “ಹಳೀ ವಹಿ ಐತ್ರಿ, ಹಿಂಗ ಬರೂದು” ಎಂದು ಬಿಲ್ ಮುಂದಿಟ್ಟ. ಪ್ಲೇಟ್ ಮಾಡುವ ಮೊದಲು ಒಂದು ಮಾತು ಕೇಳಬಹುದಿತ್ತಲ್ಲ! ನಾನು ಬಂಡಲ್ ಎತ್ತಲಿಲ್ಲ.

ವಹಿಯ ದೋಷ ಏನೂ ಇರಲಿಲ್ಲ. ವಾಟ್ಸ್‌ಆ್ಯಪ್ ಚಿತ್ರದ ಉದ್ದವನ್ನು ಸುಮಾರು 1600 ಪಿಕ್ಸೆಲ್‌ಗೆ ಇಳಿಸಿತ್ತು. ಎಂಟೂವರೆ ಇಂಚಿನ ಡೆಮಿ ಪುಟಕ್ಕೆ 300 ಡಿಪಿಐ ಲೆಕ್ಕದಲ್ಲಿ 2550 ಬೇಕು. ಮೇಲಾಗಿ ಕಪ್ಪು ಶಾಯಿಯ ಆಫ್‌ಸೆಟ್‌ನಲ್ಲಿ ಬೂದಿಶಾಯಿ ಎಂಬುದಿಲ್ಲ. ತಿಳಿಬಣ್ಣವನ್ನೆಲ್ಲ ಕರಿ ಚುಕ್ಕಿಗಳಲ್ಲೇ ತೋರಿಸಬೇಕು. ಮಾಸಿದ ಕೈಬರಹ ಒಡೆಯುವುದು ಅಲ್ಲಿಯೇ.

ಎರಡನೇ ಸಲ ವಹಿಯನ್ನು ನಾನೇ ಸ್ಕ್ಯಾನರ್ ಮೇಲೆ ಇಟ್ಟೆ. 1200 ಡಿಪಿಐ, ಬಣ್ಣದಲ್ಲಿ. ಫೋಟೊಶಾಪ್‌ನಲ್ಲಿ ಕೆಂಪು ಚಾನೆಲ್ ಒಂದನ್ನೇ ಉಳಿಸಿಕೊಂಡರೆ ಹಳದಿಗಟ್ಟಿದ ಕಾಗದ ಬಿಳಿಯಾಗಿ, ನೀಲಿ ಶಾಯಿ ಕಪ್ಪಾಗಿ ಎದ್ದು ಬರುತ್ತದೆ. ಆಮೇಲೆ ಅದನ್ನು ಬರೀ ಕಪ್ಪು–ಬಿಳುಪಿನ ಲೈನ್‌ಆರ್ಟ್ ಮಾಡಿ ಟಿಫ್ ಫೈಲಾಗಿ ಇಟ್ಟೆ. ಇದರಲ್ಲಿ ಚುಕ್ಕಿಯ ಕಾಟವಿಲ್ಲ. ಕಪ್ಪಿನ ಮಟ್ಟವನ್ನು ಮಾತ್ರ ಪುಟಪುಟಕ್ಕೂ ಬೇರೆ ಹಿಡಿಯಬೇಕು, ಶಾಯಿ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಪೆನ್ಸಿಲ್ ಇದ್ದ ಪುಟಗಳಿಗೆ ಲೈನ್‌ಆರ್ಟ್ ನಡೆಯದು; ಅವನ್ನು ಗ್ರೇಸ್ಕೇಲ್‌ನಲ್ಲೇ ಬಿಟ್ಟು ಹಿನ್ನೆಲೆ ಬಿಳಿ ಮಾಡಿದೆ.

ಇನ್ನು ನಾಲ್ಕು ಮಾತು. ಫೋಟೊ ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವ್ ಕೊಡಿ. ಕಟಿಂಗ್ ಆಗುವ ಅಂಚಿನಿಂದ ಬರಹ ದೂರವಿರಲಿ. ಮುಖಪುಟದ ಚಿತ್ರ ಸುತ್ತಲೂ 3 ಮಿಮೀ ಹೆಚ್ಚಿಗೆ ಇರಲಿ. ಬಣ್ಣದ ಚಿತ್ರವನ್ನು ಸಿಎಂವೈಕೆಗೆ ತಿರುಗಿಸಿ ನೋಡಿ, ಗಿಳಿಹಸಿರು ಅಲ್ಲೇ ಮಂಕಾಗುವುದು ಕಾಣುತ್ತದೆ. ನುಡಿ ಫಾಂಟಿನ ಶೀರ್ಷಿಕೆಗಳನ್ನು ಕರ್ವ್ಸ್ (ಫಾಂಟ್ ಬೇಡದ ಗೆರೆರೂಪ) ಮಾಡಿಸಿ. ಅಚ್ಚಾಗುವ ಕಾಗದದ ಮೇಲೆಯೇ ಪ್ರೂಫ್ ತೆಗೆಸಿಕೊಂಡು, ಹಗಲ ಬೆಳಕಿನಲ್ಲಿ ನೋಡಿ, ಸಹಿ ಮಾಡಿ. ಆ ಸಹಿ ಬೀಳುವ ತನಕ ಮುಂಗಡ ಬಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ.